ಮಕ್ಕಳ ಮೂಳೆಗೆ ಎಷ್ಟು ಎಕ್ಸರೇ?

"ಡಾಕ್ಟ್ರೇ, ಮಾತ್ರೆ ಕೊಡಿ, ಬೇಕಾದರೆ ಇಂಜೆಕ್ಷನ್ನೂ ಕೊಡಿ. ಎಕ್ಸರೇ ಮಾತ್ರ ಬೇಡ. ಈಗಾಗಲೇ ಎರಡು ಸಲ ತೆಗೆಸಿದ್ದೀವಿ. ಪದೇ ಪದೇ ಕರೆಂಟು ಬಿಟ್ಟರೆ ಮಗೂಗೆ ಕ್ಯಾನ್ಸರ್ ಬರುತ್ತಂತೆ."

ಕೆಲವು ವರ್ಷಗಳ ಹಿಂದೆ ನನ್ನ ಕ್ಲಿನಿಕ್ಕಿನಲ್ಲಿ ಕುಳಿತು ಹೀಗೆಂದ ತಾಯಿಯ ಮುಖ ನನಗಿನ್ನೂ ನೆನಪಿದೆ. ಜೊತೆಯಲ್ಲಿದ್ದ ಮಗನಿಗೆ ಹನ್ನೆರಡು ವರ್ಷ, ವಯಸ್ಸಿಗೆ ಮೀರಿದ ಮೈ. ಮೂರು ವಾರಗಳಿಂದ ಬಲ ಮಂಡಿ ನೋವು, ನಡೆಯುವಾಗ ಸ್ವಲ್ಪ ಕುಂಟು. ಆ ಎರಡು ಎಕ್ಸರೇಗಳನ್ನು ಬರೆದುಕೊಟ್ಟವನು ನಾನೇ. ಎರಡೂ ಮಂಡಿಯವು, ಎರಡರಲ್ಲೂ ಏನೂ ತೊಂದರೆ ಕಂಡಿರಲಿಲ್ಲ. ಬೆಳೆಯುವ ಹುಡುಗರಿಗೆ ಬರುವ ನೋವು ಎಂದು ಹೇಳಿ ಮಾತ್ರೆ ಕೊಟ್ಟು ಕಳಿಸಿದ್ದೆ. ಮೂರನೆಯ ಸಲ ಬಂದಾಗಲಷ್ಟೇ ಹುಡುಗನನ್ನು ಮೇಜಿನ ಮೇಲೆ ಮಲಗಿಸಿ ಸೊಂಟದ ಕೀಲನ್ನು ಮಡಿಸಿ, ತಿರುಗಿಸಿ ನೋಡಿದೆ. ಕಾಲು ಒಳಮುಖವಾಗಿ ತಿರುಗಲೇ ಇಲ್ಲ. ಮಡಿಸಿದಂತೆಲ್ಲ ಹೊರಕ್ಕೆ ವಾಲುತ್ತಿತ್ತು. ರೋಗ ಇದ್ದದ್ದು ಸೊಂಟದ ಕೀಲಿನಲ್ಲಿ. ಅಲ್ಲಿಗೆ ಹೋಗುವ ನರಗಳೇ ಮಂಡಿಗೂ ಹೋಗುವುದರಿಂದ ಮಕ್ಕಳು ಮಂಡಿ ತೋರಿಸಿ ಅಳುತ್ತಾರೆ, ವೈದ್ಯರೂ ಮಂಡಿಯನ್ನೇ ನೋಡುತ್ತಾರೆ.

ತೊಡೆಮೂಳೆಯ ಮೇಲ್ತುದಿಯಲ್ಲಿರುವ ದುಂಡನೆಯ ತಲೆ ಬೆಳೆಯುವ ವಯಸ್ಸಿನಲ್ಲಿ ತನ್ನ ಕತ್ತಿನ ಮೇಲಿಂದ ಮೆಲ್ಲಗೆ ಜಾರುವ ಕಾಯಿಲೆ ಇದು. ಹತ್ತರಿಂದ ಹದಿನಾರು ವರ್ಷದೊಳಗಿನ, ಅದರಲ್ಲೂ ದಪ್ಪ ಮೈಕಟ್ಟಿನ ಮಕ್ಕಳಲ್ಲಿ ಹೆಚ್ಚು. ಬೇಗ ಗೊತ್ತಾದರೆ ಒಂದು ತಿರುಪುಮೊಳೆ ಹಾಕಿ ಜಾರುವುದನ್ನು ನಿಲ್ಲಿಸಬಹುದು. ಅಂದು ಬೇಕಾಗಿದ್ದದ್ದು ಸೊಂಟದ ಎಕ್ಸರೇ ಮಾತ್ರ. ಆದರೆ ಬೇಡದ ಎರಡನ್ನು ತೆಗೆಸಿದ್ದ ನನ್ನ ಮಾತನ್ನು ಆ ತಾಯಿ ಯಾಕೆ ನಂಬಬೇಕು? "ಮನೆಯವರನ್ನು ಕೇಳಿ ಬರ್ತೀನಿ" ಎಂದು ಹೋದವರು ಮತ್ತೆ ಬಂದದ್ದು ಐದು ದಿನಗಳ ನಂತರ. ಹುಡುಗ ಶಾಲೆಯ ಮೆಟ್ಟಿಲಿಳಿಯುವಾಗ ಬಿದ್ದಿದ್ದ, ಕಾಲೂರಲಾಗದೆ ಆಟೋದಲ್ಲಿ ಮಲಗಿದ್ದ.

ಮಕ್ಕಳ ಮೂಳೆ ಕಾಯಿಲೆಗಳ ಪತ್ತೆಗೆ ವಿಕಿರಣವನ್ನು ಎಷ್ಟು ಬಳಸಬೇಕು, ಹೇಗೆ ಬಳಸಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಈ ಹುಡುಗ ನೆನಪಾಗುತ್ತಾನೆ.

ಭಯದಲ್ಲಿ ನಿಜವೆಷ್ಟು?

ತಾಯಿಯ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಕ್ಸರೇ ತೆಗೆಸದಿದ್ದರೂ ನಾವೆಲ್ಲ ದಿನವೂ ವಿಕಿರಣ ಪಡೆಯುತ್ತಲೇ ಇರುತ್ತೇವೆ. ನೆಲದಿಂದ, ಕಲ್ಲಿನಿಂದ, ಗಾಳಿಯಿಂದ, ಆಹಾರದಿಂದ, ಆಕಾಶದಿಂದ ಬರುವ ಈ ನೈಸರ್ಗಿಕ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಮಿಲಿಸೀವರ್ಟ್ ಎಂಬುದು ವಿಕಿರಣದಿಂದ ದೇಹಕ್ಕೆ ಆಗಬಹುದಾದ ಪರಿಣಾಮವನ್ನು ಅಳೆಯುವ ಮಾನ. ಕೈ ಅಥವಾ ಕಾಲಿನ ಒಂದು ಎಕ್ಸರೇಯಿಂದ ಬರುವುದು 0.001 ಮಿಲಿಸೀವರ್ಟಿಗಿಂತ ಕಡಿಮೆ. ಅಂದರೆ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ ಸುಮಾರು ನಾಲ್ಕು ಗಂಟೆಯಲ್ಲಿ ಬರುವಷ್ಟು! ಸೊಂಟದ ಎಕ್ಸರೇಯಲ್ಲಿ ಇದಕ್ಕಿಂತ ಹೆಚ್ಚು. ಆದರೂ ಸರಿಯಾಗಿ ತೆಗೆದರೆ ಹೆಚ್ಚೆಂದರೆ ಒಂದೆರಡು ತಿಂಗಳ ನೈಸರ್ಗಿಕ ವಿಕಿರಣಕ್ಕೆ ಸಮ. ಸಿ.ಟಿ. ಸ್ಕ್ಯಾನಿನ ಲೆಕ್ಕವೇ ಬೇರೆ. ಬೆನ್ನಿನ ಅಥವಾ ಹೊಟ್ಟೆಯ ಒಂದು ಸಿ.ಟಿ.ಯಲ್ಲಿ ಹಲವು ಮಿಲಿಸೀವರ್ಟ್, ಅಂದರೆ ಒಂದೆರಡು ವರ್ಷದ ಅಥವಾ ಇನ್ನೂ ಹೆಚ್ಚಿನ ಪಾಲು ಒಂದೇ ಸಲಕ್ಕೆ ಬರಬಹುದು.

ಹಾಗಾದರೆ ಚಿಂತೆ ಯಾಕೆ? ಮಕ್ಕಳ ಜೀವಕೋಶಗಳು ವೇಗವಾಗಿ ವಿಭಜನೆಯಾಗುತ್ತಿರುತ್ತವೆ, ಅವುಗಳ ಮೇಲೆ ವಿಕಿರಣದ ಪ್ರಭಾವ ಹೆಚ್ಚು. ಜೊತೆಗೆ ಮಗುವಿನ ಮುಂದೆ ಎಪ್ಪತ್ತು ಎಂಬತ್ತು ವರ್ಷಗಳ ಬಾಳು ಇದೆ. ಇಂದಿನ ಹಾನಿ ನಿಧಾನವಾಗಿ ತಲೆಯೆತ್ತಲು ಅಷ್ಟು ಸಮಯ ಸಿಗುತ್ತದೆ. ದೊಡ್ಡವರಲ್ಲಿ ರಕ್ತ ಉತ್ಪಾದಿಸುವ ಕೆಂಪು ಮಜ್ಜೆ ಬೆನ್ನೆಲುಬು, ಪಕ್ಕೆಲುಬು, ಸೊಂಟದಂತಹ ಕೆಲವೇ ಮೂಳೆಗಳಲ್ಲಿ ಉಳಿದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಕೈಕಾಲುಗಳ ಮೂಳೆಗಳಲ್ಲೂ ಇರುತ್ತದೆ.

ಒಂದು ಉದಾಹರಣೆ ಹೇಳಲೇಬೇಕು. ಬೆನ್ನೆಲುಬು ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಎಂಬ ತೊಂದರೆ ಬೆಳೆಯುವ ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಗು ಎಷ್ಟು ಹೆಚ್ಚಾಗಿದೆ ಎಂದು ನೋಡಲು ಕೆಲವು ತಿಂಗಳಿಗೊಮ್ಮೆ ಇಡೀ ಬೆನ್ನಿನ ಎಕ್ಸರೇ ತೆಗೆಯಬೇಕಾಗುತ್ತದೆ. ಅಮೆರಿಕದಲ್ಲಿ 1912ರಿಂದ 1965ರವರೆಗೆ ಈ ಕಾಯಿಲೆಗೆ ಆಸ್ಪತ್ರೆಗೆ ಹೋಗಿದ್ದ 5,573 ಹೆಣ್ಣುಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ವರದಿ 2000ದಲ್ಲಿ ಪ್ರಕಟವಾಯಿತು. ಅವರಿಗೆ ಸರಾಸರಿ ಇಪ್ಪತ್ತೈದರಷ್ಟು ಎಕ್ಸರೇ ಆಗಿತ್ತು. ಮುಂದೆ ಅವರಲ್ಲಿ ಸ್ತನ ಕ್ಯಾನ್ಸರಿನಿಂದಾದ ಸಾವುಗಳು ಸಾಮಾನ್ಯ ಮಹಿಳೆಯರಲ್ಲಿ ನಿರೀಕ್ಷಿಸುವುದಕ್ಕಿಂತ ಸುಮಾರು ಶೇ. 70ರಷ್ಟು ಹೆಚ್ಚಾಗಿದ್ದವು. ಆ ಕಾಲದ ಯಂತ್ರಗಳು ಹೊರಸೂಸುತ್ತಿದ್ದ ವಿಕಿರಣ ಇಂದಿನದಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ಮರೆಯಬಾರದು.

ಸಿ.ಟಿ. ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಹೊರಬಂತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾಡಿದ ಹತ್ತು ಸಾವಿರ ತಲೆಯ ಸ್ಕ್ಯಾನುಗಳಿಗೆ, ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುವರಿಯಾಗಿ ಒಂದು ರಕ್ತ ಕ್ಯಾನ್ಸರ್, ಒಂದು ಮೆದುಳಿನ ಗೆಡ್ಡೆ ಬರಬಹುದೆಂಬುದು ಅದರ ಅಂದಾಜು. ಹತ್ತು ಸಾವಿರಕ್ಕೆ ಒಂದು ಎಂಬುದು ಸಣ್ಣ ಸಂಖ್ಯೆ. ಸ್ಕ್ಯಾನ್ ನಿಜವಾಗಿ ಬೇಕಿದ್ದಾಗ ಇದು ಅಡ್ಡಿಯಾಗಬಾರದು. ಬೇಡದಿದ್ದಾಗ ಆ ಒಂದೂ ಹೆಚ್ಚೇ.

ಊರಿನ ಯಂತ್ರದಲ್ಲೇ ಕಡಿಮೆ ವಿಕಿರಣ

ಕಡಿಮೆ ವಿಕಿರಣದ ತಂತ್ರವೆಂದರೆ ದೊಡ್ಡ ನಗರದ ದುಬಾರಿ ಯಂತ್ರವೇ ಆಗಬೇಕೆಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ತಾಲ್ಲೂಕು ಕೇಂದ್ರದಲ್ಲಿರುವ ಸಾಧಾರಣ ಎಕ್ಸರೇ ಯಂತ್ರದಲ್ಲೂ ಮಗುವಿಗೆ ತಗಲುವ ವಿಕಿರಣವನ್ನು ಬಹಳಷ್ಟು ತಗ್ಗಿಸಬಹುದು.

ಮೊದಲನೆಯದು, ಕಿರಣದ ಕಿಟಕಿಯನ್ನು ಕಿರಿದು ಮಾಡುವುದು. ಯಂತ್ರದಿಂದ ಬೀಳುವ ಬೆಳಕಿನ ಚೌಕವನ್ನು ನೀವು ನೋಡಿರಬಹುದು. ಕಿರಣ ಬೀಳುವುದು ಅಷ್ಟೇ ಜಾಗಕ್ಕೆ. ಮಣಿಕಟ್ಟಿನ ಚಿತ್ರ ಬೇಕಾದರೆ ಚೌಕ ಮಣಿಕಟ್ಟಿನಷ್ಟೇ ಇರಬೇಕು. ಕೂಸಿನ ಇಡೀ ಮೈ ಅದರೊಳಗೆ ಬಂದಿದ್ದರೆ ಅದು ಅವಸರದ ಕೆಲಸ.

ಎರಡನೆಯದು ಜಾಲರಿ. ದಪ್ಪ ದೇಹದ ಮೂಲಕ ಹಾಯುವಾಗ ಕಿರಣಗಳು ಚದುರಿ ಚಿತ್ರ ಮಸುಕಾಗುತ್ತದೆ. ಅದನ್ನು ತಡೆಯಲು ಸೀಸದ ತೆಳು ಪಟ್ಟಿಗಳ ಜಾಲರಿಯೊಂದನ್ನು ಯಂತ್ರದಲ್ಲಿ ಇಟ್ಟಿರುತ್ತಾರೆ. ಜಾಲರಿ ಇದ್ದರೆ ಎರಡು ಪಟ್ಟೋ ಅದಕ್ಕೂ ಹೆಚ್ಚೋ ಕಿರಣ ಬಿಡಬೇಕಾಗುತ್ತದೆ. ಹತ್ತು ಹನ್ನೆರಡು ಸೆಂಟಿಮೀಟರಿಗಿಂತ ತೆಳುವಾದ ಮಗುವಿನ ಅಂಗಕ್ಕೆ ಇದರ ಅಗತ್ಯವೇ ಇಲ್ಲ, ತೆಗೆದಿಡಬಹುದು. ಎಷ್ಟೋ ಕಡೆ ಬೆಳಗಿನಿಂದ ದೊಡ್ಡವರ ಎಕ್ಸರೇ ತೆಗೆಯುತ್ತಿದ್ದ ತಂತ್ರಜ್ಞರು ಮಗು ಬಂದಾಗಲೂ ಅದೇ ಜಾಲರಿ, ಅದೇ ಅಳತೆಯಲ್ಲಿ ಗುಂಡಿ ಒತ್ತಿಬಿಡುತ್ತಾರೆ. ಮಕ್ಕಳಿಗೆ ಬೇರೆ ಅಳತೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರೆ ಸಾಕು, ಖರ್ಚೇನೂ ಇಲ್ಲ.

ಡಿಜಿಟಲ್ ಯಂತ್ರಗಳು ಬಂದ ಮೇಲೆ ಹೊಸದೊಂದು ಸಮಸ್ಯೆ ಹುಟ್ಟಿದೆ. ಹಿಂದೆ ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ಕೂಡಲೇ ಗೊತ್ತಾಗುತ್ತಿತ್ತು. ಈಗ ಕಿರಣ ಹೆಚ್ಚಾದರೂ ಕಂಪ್ಯೂಟರ್ ಚಿತ್ರವನ್ನು ಸರಿಪಡಿಸಿ ಅಂದವಾಗಿಯೇ ತೋರಿಸುತ್ತದೆ. ಕಡಿಮೆಯಾದರೆ ಮಾತ್ರ ಚಿತ್ರ ಮರಳು ಮರಳಾಗಿ ಕಾಣುತ್ತದೆ. ಆದ್ದರಿಂದ ಗೊತ್ತಿಲ್ಲದಂತೆಯೇ ಅಳತೆ ಮೇಲೇರುತ್ತಾ ಹೋಗುತ್ತದೆ. ಡಿಜಿಟಲ್ ಎಂದ ಮಾತ್ರಕ್ಕೆ ವಿಕಿರಣ ಕಡಿಮೆ ಎಂದಲ್ಲ.

ಇನ್ನು ಸ್ಕೋಲಿಯೋಸಿಸ್ ಇರುವ ಹುಡುಗಿಯರಿಗೆ ಬಹಳ ಸರಳವಾದ ಉಪಾಯವೊಂದಿದೆ. ಕಿರಣ ಎದೆಯ ಕಡೆಯಿಂದ ಬರುವ ಬದಲು ಬೆನ್ನಿನ ಕಡೆಯಿಂದ ಬರುವಂತೆ ಹುಡುಗಿಯನ್ನು ತಿರುಗಿಸಿ ನಿಲ್ಲಿಸಿದರಾಯಿತು. ಕಿರಣದ ಬಹುಪಾಲು ಬೆನ್ನಿನಲ್ಲೇ ಹೀರಿಹೋಗಿ ಸ್ತನಕ್ಕೂ ಥೈರಾಯ್ಡಿಗೂ ತಲುಪುವುದು ಹಲವು ಪಟ್ಟು ಕಡಿಮೆಯಾಗುತ್ತದೆ. ಬಾಗಿನ ಅಳತೆಯಲ್ಲಿ ವ್ಯತ್ಯಾಸವಾಗುವುದಿಲ್ಲ. ಮೇಲೆ ಹೇಳಿದ ಅಮೆರಿಕದ ಹೆಣ್ಣುಮಕ್ಕಳನ್ನು ಅಂದು ಹೀಗೆ ತಿರುಗಿಸಿ ನಿಲ್ಲಿಸಿದ್ದರೆ!

ಹಾಗೆಯೇ, ಹೋಲಿಸಿ ನೋಡಲೆಂದು ನೋವಿಲ್ಲದ ಇನ್ನೊಂದು ಕೈಯ ಅಥವಾ ಕಾಲಿನ ಎಕ್ಸರೇಯನ್ನೂ ಬರೆಯುವ ಅಭ್ಯಾಸ ನಮ್ಮ ವೈದ್ಯರಲ್ಲಿದೆ. ಅನುಮಾನ ಉಳಿದಾಗ ಮಾತ್ರ ಅದು ಬೇಕು.

ನಿಂತಲ್ಲೇ ಅಡಿಯಿಂದ ಮುಡಿಯವರೆಗೆ

ಹೊಸ ಯಂತ್ರಗಳಲ್ಲಿ ಹೇಳಲೇಬೇಕಾದದ್ದು ಇಯೋಸ್. ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಫ್ರಾನ್ಸಿನ ಭೌತವಿಜ್ಞಾನಿ ಜಾರ್ಜ್ ಶಾರ್ಪಾಕ್ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1968ರಲ್ಲಿ ಅಣುವಿಗಿಂತ ಸೂಕ್ಷ್ಮವಾದ ಕಣಗಳ ಜಾಡು ಹಿಡಿಯಲು ಸಾಲುಸಾಲಾಗಿ ತಂತಿಗಳಿರುವ ಉಪಕರಣವೊಂದನ್ನು ರೂಪಿಸಿದರು. ಅದಕ್ಕಾಗಿ 1992ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬಹಳ ಕಡಿಮೆ ಕಿರಣವಿದ್ದರೂ ಹಿಡಿಯಬಲ್ಲ ಆ ವಿದ್ಯೆಯೇ ಮುಂದೆ ಮಕ್ಕಳ ಬೆನ್ನು ನೋಡುವ ಯಂತ್ರಕ್ಕೆ ತಳಹದಿಯಾಯಿತು.

ಇದರಲ್ಲಿ ಮಗು ಪುಟ್ಟ ಕೋಣೆಯಂತಹ ಜಾಗದಲ್ಲಿ ನಿಲ್ಲುತ್ತದೆ ಅಥವಾ ಕುಳಿತುಕೊಳ್ಳುತ್ತದೆ. ಬೀಸಣಿಗೆಯಂತೆ ಚಪ್ಪಟೆಯಾದ ಎರಡು ಕಿರಣಗಳು, ಒಂದು ಮುಂದಿನಿಂದ ಒಂದು ಪಕ್ಕದಿಂದ, ಏಕಕಾಲಕ್ಕೆ ಮೈಯುದ್ದಕ್ಕೂ ಸಾಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಬೆನ್ನು, ಸೊಂಟ, ಕಾಲುಗಳ ಎರಡೂ ನೋಟ ಒಟ್ಟಿಗೆ ಸಿಗುತ್ತದೆ. ಕಿರಣ ತೆಳುವಾಗಿರುವುದರಿಂದ ಚದುರುವುದು ಕಡಿಮೆ. ಎದೆ, ಹೊಟ್ಟೆಯ ಭಾಗಕ್ಕೆ ತಗಲುವ ವಿಕಿರಣ ಸಾಮಾನ್ಯ ಎಕ್ಸರೇಗಿಂತ ಆರರಿಂದ ಒಂಬತ್ತು ಪಟ್ಟು ಕಡಿಮೆ ಎಂಬ ಅಳತೆ 2010ರಲ್ಲಿ ಪ್ರಕಟವಾಯಿತು. ಈಗ ಇನ್ನೂ ಕಡಿಮೆ ಪ್ರಮಾಣದ ವಿಧಾನವೂ ಬಂದಿದೆ. ಅದರಲ್ಲಿ ಚಿತ್ರ ಸ್ವಲ್ಪ ಮಸುಕು, ಆದರೆ ಬಾಗು ಹೆಚ್ಚಿತೋ ಇಲ್ಲವೋ ಎಂದು ಅಳೆಯಲು ಅಷ್ಟು ಸಾಕು. ಪ್ರತಿ ಚಿತ್ರವೂ ಫೋಟೋ ಸ್ಟುಡಿಯೋದಲ್ಲಿ ತೆಗೆದಂತೆ ಇರಬೇಕೆಂಬ ಹಟ ಬೇಡ. ಕೇಳಿದ ಪ್ರಶ್ನೆಗೆ ಉತ್ತರ ಸಿಗುವಷ್ಟಿದ್ದರೆ ಆಯಿತು.

ಅಲುಗಾಡದೆ ನಿಲ್ಲಲಾಗದ ಚಿಕ್ಕ ಮಕ್ಕಳಿಗೆ ಈ ಯಂತ್ರ ಒಗ್ಗುವುದಿಲ್ಲ. ಬೆಲೆಯೂ ಬಹಳ, ಎಲ್ಲ ಊರಲ್ಲೂ ಇಲ್ಲ. ವರ್ಷಗಟ್ಟಲೆ ಮತ್ತೆ ಮತ್ತೆ ಚಿತ್ರ ಬೇಕಾಗುವ ಸ್ಕೋಲಿಯೋಸಿಸ್ ಮಕ್ಕಳಿಗೆ, ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿರುವ ಮಕ್ಕಳಿಗೆ ಮಾತ್ರ ಹುಡುಕಿಕೊಂಡು ಹೋಗುವಷ್ಟು ಪ್ರಯೋಜನವಿದೆ.

ವಿಕಿರಣವೇ ಇಲ್ಲದ ಪರೀಕ್ಷೆಗಳು

ಹುಟ್ಟಿದ ಕೂಸಿನ ತೊಡೆಮೂಳೆಯ ತಲೆ ಇನ್ನೂ ಮೃದ್ವಸ್ಥಿ. ಸುಮಾರು ನಾಲ್ಕರಿಂದ ಆರು ತಿಂಗಳು ಆಗುವವರೆಗೆ ಎಕ್ಸರೇಯಲ್ಲಿ ಅದು ಕಾಣುವುದೇ ಇಲ್ಲ! ಆ ವಯಸ್ಸಿನಲ್ಲಿ ಸೊಂಟದ ಕೀಲು ತಪ್ಪಿದೆಯೇ ಎಂದು ನೋಡಲು ಎಕ್ಸರೇ ತೆಗೆಯುವುದು ವ್ಯರ್ಥ. ಆಸ್ಟ್ರಿಯಾದ ವೈದ್ಯ ಗ್ರಾಫ್ 1980ರಲ್ಲಿ ತೋರಿಸಿಕೊಟ್ಟಂತೆ ಇಲ್ಲಿ ಅಲ್ಟ್ರಾಸೌಂಡ್ ಬೇಕು. ಗರ್ಭಿಣಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್. ಧ್ವನಿಯ ಅಲೆಗಳೇ ಹೊರತು ವಿಕಿರಣವಿಲ್ಲ. ಕಾಲು ಮುಂದಾಗಿ ಹುಟ್ಟಿದ ಕೂಸು, ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದ ಕೂಸು, ಅಗಲಿಸಿದಾಗ ಒಂದು ಕಾಲು ಕಡಿಮೆ ಅಗಲುವ ಕೂಸು, ಇವರಿಗೆ ಇದನ್ನು ಮಾಡಿಸಬೇಕು. ಅಂದಹಾಗೆ, ನಮ್ಮ ಹೆಂಗಸರು ಮಗುವನ್ನು ಕಾಲಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ರೂಢಿ ಈ ಕೀಲಿಗೆ ಒಳ್ಳೆಯದು. ಬಾಣಂತಿ ಕೋಣೆಯಲ್ಲಿ ಕೂಸಿನ ಕಾಲುಗಳನ್ನು ನೇರ ಎಳೆದು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ.

ಇದ್ದಕ್ಕಿದ್ದಂತೆ ಕುಂಟುವ ಮೂರು ನಾಲ್ಕು ವರ್ಷದ ಮಗುವಿನ ಸೊಂಟದ ಕೀಲಿನಲ್ಲಿ ನೀರೋ ಕೀವೋ ತುಂಬಿದ್ದರೆ ಅದನ್ನೂ ಅಲ್ಟ್ರಾಸೌಂಡ್ ತೋರಿಸುತ್ತದೆ. ಬಿದ್ದು ಮುಂಗೈ ನೋವಾದ 5ರಿಂದ 15 ವರ್ಷದ 270 ಮಕ್ಕಳಲ್ಲಿ ಮೊದಲು ಎಕ್ಸರೇ ಬದಲು ಅಲ್ಟ್ರಾಸೌಂಡ್ ಬಳಸಿದ ಆಸ್ಟ್ರೇಲಿಯಾದ ಅಧ್ಯಯನ 2023ರಲ್ಲಿ ಬಂದಿದೆ. ಮೂಳೆ ವಾರೆಯಾಗದಿದ್ದ ಮುರಿತಗಳಲ್ಲಿ ನಾಲ್ಕು ವಾರದ ನಂತರ ಕೈಯ ಬಳಕೆ ಎರಡೂ ಗುಂಪಿನಲ್ಲಿ ಒಂದೇ ಬಗೆಯಾಗಿತ್ತು.

ಎಂ.ಆರ್.ಐ. ಕೂಡ ವಿಕಿರಣರಹಿತ. ಮೂಳೆಯೊಳಗಿನ ಸೋಂಕನ್ನು ಅದು ಮೊದಲ ದಿನಗಳಲ್ಲೇ ತೋರಿಸುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂಳೆಗೆ ಸೋಂಕು ತಗಲಿದ ಮಗುವಿನ ಎಕ್ಸರೇ ಹತ್ತು ಹದಿನಾಲ್ಕು ದಿನ ಸಹಜವಾಗಿಯೇ ಕಾಣಬಹುದು. ಜ್ವರವಿದ್ದು, ಒಂದು ಕಾಲನ್ನು ಮುಟ್ಟಲೂ ಬಿಡದೆ ಅಳುವ ಮಗುವಿನ ವಿಷಯದಲ್ಲಿ "ಎಕ್ಸರೇ ನಾರ್ಮಲ್" ಎಂದು ನಿಶ್ಚಿಂತರಾಗಬಾರದು. ಅದೇ ದಿನ ರಕ್ತಪರೀಕ್ಷೆ, ಅಲ್ಟ್ರಾಸೌಂಡ್, ಬೇಕಾದರೆ ಎಂ.ಆರ್.ಐ. ಆಗಬೇಕು. ಕೀಲಿನಲ್ಲಿ ಕೀವು ತುಂಬಿದ್ದರೆ ಒಂದೊಂದು ದಿನವೂ ಕೀಲನ್ನು ಸವೆಸುತ್ತದೆ.

ಎಂ.ಆರ್.ಐ.ಗೂ ಅದರದೇ ಕಷ್ಟಗಳಿವೆ. ಹಣ, ಸದ್ದು, ಅರ್ಧ ಗಂಟೆ ಅಲುಗಾಡದೆ ಮಲಗುವುದು. ಚಿಕ್ಕ ಮಕ್ಕಳಿಗೆ ಮಂಪರು ಔಷಧ ಕೊಡಬೇಕಾಗುತ್ತದೆ, ಅದೂ ಅಪಾಯದಿಂದ ಪೂರ್ತಿ ಹೊರತಲ್ಲ. ಮಣಿಕಟ್ಟಿನ ಎಕ್ಸರೇ ಒಂದರಲ್ಲಿ ಮುಗಿಯುವ ಕೆಲಸಕ್ಕೆ "ವಿಕಿರಣ ಬೇಡ" ಎಂದು ಎಂ.ಆರ್.ಐ.ಗೆ ಓಡುವುದೂ ತಪ್ಪೇ.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ವಿಕಿರಣ ಅತ್ಯಲ್ಪ, ಎದೆಯ ಎಕ್ಸರೇಗಿಂತಲೂ ಕಡಿಮೆ. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಮಕ್ಕಳಿಗೆ, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಿಗೆ, ಥಲಸ್ಸೇಮಿಯಾ ಇರುವವರಿಗೆ ಇದು ಉಪಯುಕ್ತ. ಆದರೆ ವರದಿಯಲ್ಲಿ ನೋಡಬೇಕಾದದ್ದು ಅದೇ ವಯಸ್ಸಿನವರೊಂದಿಗೆ ಹೋಲಿಸುವ ಝಡ್ ಅಂಕವನ್ನು. ಮೂವತ್ತರ ಹರೆಯದವರೊಂದಿಗೆ ಹೋಲಿಸುವ ಟಿ ಅಂಕವನ್ನು ನೋಡಿದರೆ ಬೆಳೆಯುವ ಪ್ರತಿ ಮಗುವಿಗೂ ಮೂಳೆ ಸವೆತ ಇದೆ ಎಂದೇ ಕಾಣುತ್ತದೆ! ಇಂತಹ ವರದಿ ಹಿಡಿದು ಗಾಬರಿಯಿಂದ ಬಂದವರನ್ನು ನಾನು ನೋಡಿದ್ದೇನೆ.

ಯಾವಾಗ ಬೇಕು, ಯಾವಾಗ ಬೇಡ

ಎರಡು ವರ್ಷದವರೆಗೆ ಮಗುವಿನ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವಂತಾಗಿ ಏಳರ ಹೊತ್ತಿಗೆ ತಾನಾಗಿಯೇ ನೇರವಾಗುತ್ತದೆ. ಎರಡೂ ಕಾಲು ಒಂದೇ ಸಮನಾಗಿದ್ದು, ಮಗು ಚೆನ್ನಾಗಿ ಬೆಳೆಯುತ್ತಿದ್ದರೆ ಎಕ್ಸರೇ ಬೇಕಿಲ್ಲ. ಸಂಜೆ, ರಾತ್ರಿ ಎರಡೂ ಕಾಲು ನೋಯುತ್ತದೆಂದು ಒತ್ತಿಸಿಕೊಂಡು ಬೆಳಿಗ್ಗೆ ಎದ್ದು ಕುಣಿಯುವ ಮಗುವಿಗೂ ಬೇಡ. ನೋವು ಒಂದೇ ಕಡೆ ಇದ್ದರೆ, ಕುಂಟುತ್ತಿದ್ದರೆ, ನಿದ್ದೆಯಿಂದ ಎಬ್ಬಿಸುವ ನೋವಾಗಿದ್ದರೆ, ಊತ ಅಥವಾ ಜ್ವರ ಇದ್ದರೆ, ಮಗು ಬಿಳಿಚಿಕೊಂಡು ಸೊರಗುತ್ತಿದ್ದರೆ ತಡಮಾಡಬಾರದು. ರಕ್ತದ ಕ್ಯಾನ್ಸರ್ ಕೂಡ ಕೆಲವೊಮ್ಮೆ ಕಾಲು ನೋವೆಂದೇ ಶುರುವಾಗುತ್ತದೆ. ಅಲ್ಲಿ ಸಾಧಾರಣ ರಕ್ತಪರೀಕ್ಷೆ ಎಕ್ಸರೇಗಿಂತ ಹೆಚ್ಚು ಹೇಳುತ್ತದೆ.

ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ಅನುಮಾನವಿದ್ದರೆ ಒಂದು ಮಣಿಕಟ್ಟಿನ ಅಥವಾ ಒಂದು ಮಂಡಿಯ ಎಕ್ಸರೇ, ಜೊತೆಗೆ ರಕ್ತಪರೀಕ್ಷೆ ಸಾಕು. ಮೂಳೆಯ ತುದಿ ಬಟ್ಟಲಿನಂತೆ ಅಗಲವಾಗಿ, ಅಂಚು ಹರಿದ ಬಟ್ಟೆಯ ಎಳೆಗಳಂತೆ ಕಾಣುತ್ತದೆ. ಮೈಯ ಎಲ್ಲ ಮೂಳೆಗಳ ಚಿತ್ರ ಬೇಕಾಗುವುದು ಅಪರೂಪದ ಕಾಯಿಲೆಗಳಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುಭಾಗದಲ್ಲಿ ಬೆಳಕಿಗೆ ಬಂದ ಕಾಯಿಲೆ ಇದಕ್ಕೆ ಉದಾಹರಣೆ. ಸೊಂಟ, ಮಂಡಿಗಳ ನೋವಿನಿಂದ ಜನ ಬಾಗಿ ನಡೆಯುತ್ತಿದ್ದರು. ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಮೂಳೆಯ ಬೆಳವಣಿಗೆಯ ದೋಷವೆಂದು ತಿಳಿಯುವಲ್ಲಿ ಬೆನ್ನು ಮತ್ತು ಸೊಂಟದ ಎಕ್ಸರೇಗಳ ಪಾತ್ರ ದೊಡ್ಡದು.

ಎಕ್ಸರೇ ಕೋಣೆಯಲ್ಲಿ

ಮಗುವನ್ನು ಹಿಡಿದುಕೊಳ್ಳಬೇಕಾಗಿ ಬಂದರೆ ಸೀಸದ ಕವಚ ಧರಿಸಿ ತಂದೆಯೋ ತಾಯಿಯೋ ಹಿಡಿಯಬೇಕು. ದಿನವೂ ಅಲ್ಲೇ ಕೆಲಸ ಮಾಡುವ ಸಿಬ್ಬಂದಿ ಹಿಡಿಯಬಾರದು. ತಾಯಿ ಗರ್ಭಿಣಿಯಾಗಿದ್ದರೆ ಅಥವಾ ಹಾಗೆಂಬ ಅನುಮಾನವಿದ್ದರೆ ಹೊರಗೆ ನಿಲ್ಲಲಿ, ಬೇರೆಯವರು ಹಿಡಿಯಲಿ. ಅಲುಗಾಡಿ ಕೆಟ್ಟ ಚಿತ್ರವೆಂದರೆ ಇನ್ನೊಂದು ಚಿತ್ರ ಎಂದರ್ಥ. ಹೋಗುವ ಮುಂಚೆ ಮನೆಯಲ್ಲೇ "ಫೋಟೋ ತೆಗೆಯುವಾಗ ಕಲ್ಲಿನ ಹಾಗೆ ಇರಬೇಕು" ಎಂದು ಆಟ ಆಡಿಸಿಕೊಂಡು ಬನ್ನಿ.

ಮಗುವಿನ ತೊಡೆಸಂದಿಗೆ ಸೀಸದ ತುಂಡು ಇಡಲಿಲ್ಲವೆಂದು ಜಗಳ ತೆಗೆಯುವವರಿದ್ದಾರೆ. ಅವರ ತಪ್ಪಲ್ಲ, ನಾವೇ ಹಾಗೆ ಕಲಿಸಿದ್ದೆವು. ಆದರೆ 2019ರಿಂದೀಚೆಗೆ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಮತ್ತು ಅನಂತರ ಇತರ ತಜ್ಞ ಸಂಸ್ಥೆಗಳು ಈ ಅಭ್ಯಾಸ ಬೇಡವೆನ್ನುತ್ತಿವೆ. ಸೀಸ ಸ್ವಲ್ಪ ಸರಿದರೂ ನೋಡಬೇಕಾದ ಮೂಳೆಯನ್ನೇ ಮುಚ್ಚುತ್ತದೆ, ಆಗ ಮತ್ತೊಂದು ಎಕ್ಸರೇ. ತಾನಾಗಿ ಅಳತೆ ಹೊಂದಿಸಿಕೊಳ್ಳುವ ಯಂತ್ರಗಳಂತೂ ಸೀಸ ಅಡ್ಡ ಬಂದರೆ ಕಿರಣವನ್ನು ಇನ್ನೂ ಹೆಚ್ಚಿಸಿಬಿಡುತ್ತವೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ. "ಈ ಚಿತ್ರದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ವೈದ್ಯರನ್ನು ಕೇಳಿ. "ಮಕ್ಕಳ ಅಳತೆಗೆ ಯಂತ್ರ ಹೊಂದಿಸಿದ್ದೀರಾ?" ಎಂದು ತಂತ್ರಜ್ಞರನ್ನು ಕೇಳಿ. ಎಕ್ಸರೇ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಅದು ಇದೆಯೇ ಎಂದು ಕೇಳಲೂ ನಿಮಗೆ ಹಕ್ಕಿದೆ. ಹಳೆಯ ಫಿಲ್ಮು, ಸಿ.ಡಿ.ಗಳನ್ನು ಎಸೆಯಬೇಡಿ. ಆಸ್ಪತ್ರೆ ಬದಲಿಸಿದಾಗ ಹಳೆಯದು ಕೈಯಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಮತ್ತೆ ತೆಗೆಸುವ ಎಕ್ಸರೇಗಳು ಕಡಿಮೆಯೇನಲ್ಲ.

ಆ ಹುಡುಗನಿಗೆ ಅಂದೇ ನಗರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೂಳೆಯ ತಲೆಗೆ ರಕ್ತ ನಿಂತುಹೋಗಬಹುದೆಂಬ ಆತಂಕದಲ್ಲಿ ಒಂದು ವರ್ಷ ಕಳೆಯಿತು, ಹಾಗಾಗಲಿಲ್ಲ. ಬಲಗಾಲು ಸ್ವಲ್ಪ ಗಿಡ್ಡ, ಚಪ್ಪಲಿಯೊಳಗೆ ಒಂದು ಅಟ್ಟೆ ಹೆಚ್ಚು. ಇನ್ನೊಂದು ಕಡೆಯೂ ಜಾರುವ ಸಾಧ್ಯತೆ ಇದ್ದುದರಿಂದ ಬೆಳವಣಿಗೆ ನಿಲ್ಲುವವರೆಗೆ ಆಗಾಗ ಸೊಂಟದ ಎಕ್ಸರೇ ಬೇಕಾಯಿತು. ಪ್ರತಿ ಸಲವೂ ಅವನ ತಾಯಿ ಹಳೆಯ ಚಿತ್ರಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ, ಸೀರೆಯ ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ನಾನು ಬರೆದುಕೊಟ್ಟಿದ್ದ ಮಂಡಿಯ ಎರಡು ಫಿಲ್ಮುಗಳೂ ಇರುತ್ತಿದ್ದವು.